ಬಾಣದ ಗುರುತಿಲ್ಲದ ಆಟಗಳು: ಹಳೇ ಶೈಲಿಯ ಹೊಸ ಶೂಟರ್ ಮತ್ತು ಅಡ್ವೆಂಚರ್ ಗೇಮ್‌ಗಳು

ಕೀಲಿಮಣೆ_ಕಾವೇರಿ

ಇತ್ತೀಚೆಗೆ ನಾನು ಆಡುತ್ತಿರುವುದೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿಯ ಆಟಗಳು. ನೋಡಲು 1990ರ ದಶಕದ ಗೇಮ್ ಹಾಗೆ ಇರುತ್ತವೆ, ಮಾಡಿದ್ದು ಮಾತ್ರ ಈಗ. ಹೆಚ್ಚಿನವನ್ನು ಒಬ್ಬರೋ ಇಬ್ಬರೋ ಕೂತು ಮಾಡಿದ್ದಾರೆ, ಇಲ್ಲವೇ ಒಂದು ಸಣ್ಣ ತಂಡ ಮಾಡಿದೆ. ಡಸ್ಕ್, ಆಮಿಡ್ ಈವಿಲ್, ಅಯಾನ್ ಫ್ಯೂರಿ, ಹ್ರೊಟ್ ಒಂದು ಕಡೆ. ರಿಟರ್ನ್ ಆಫ್ ದಿ ಒಬ್ರಾ ಡಿನ್, ಟ್ಯೂನಿಕ್, ಅನಿಮಲ್ ವೆಲ್, ತಿಂಬಲ್‌ವೀಡ್ ಪಾರ್ಕ್ ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಗುಂಡು ಹಾರಿಸಬೇಕು. ಎರಡನೆಯದರಲ್ಲಿ ಹುಡುಕಬೇಕು, ತಲೆ ಓಡಿಸಬೇಕು. ಎರಡನ್ನೂ ಒಟ್ಟಿಗೆ ಇಷ್ಟಪಡುವವರು ತುಂಬಾ ಜನ ಸಿಗುತ್ತಾರೆ. ಯಾಕೆ ಅಂತ ನನ್ನದೊಂದು ವಾದ ಇದೆ. ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ.

ನನ್ನ ವಾದ ಇಷ್ಟೇ: ಇವುಗಳಲ್ಲಿ ಒಳ್ಳೆಯವು ಯಾವುವೋ ಅವೆಲ್ಲ ಆಡುವವರ ಕಣ್ಣನ್ನು ನಂಬುತ್ತವೆ. ಎಲ್ಲಿಗೆ ಹೋಗಬೇಕು ಅಂತ ಹಳದಿ ಬಾಣ ತೋರಿಸುವುದಿಲ್ಲ. ಜಾಗವೇ ದಾರಿ ಹೇಳುತ್ತದೆ.

ಉದಾಹರಣೆಗೆ ಡೂಮ್ ಅನ್ನುವ ಹಳೇ ಶೂಟರ್ ತಗೊಳ್ಳಿ, 1993ರ ಡಿಸೆಂಬರ್ 10ರಂದು ಬಂದದ್ದು. ಮೊದಲ ಲೆವೆಲ್ ಶುರುವಾಗುವ ಕೋಣೆಯಲ್ಲೇ ಒಂದು ಕಿಟಕಿ ಇದೆ. ಆಚೆ ಬಯಲು. ಬಯಲಲ್ಲಿ ಒಂದು ನೀಲಿ ಕವಚ ಬಿದ್ದಿದೆ. ಕಿಟಕಿಯಿಂದ ನೆಗೆಯಲು ಆಗುವುದಿಲ್ಲ. ಆಟ ಒಂದು ಮಾತೂ ಆಡುವುದಿಲ್ಲ. ಆದರೆ ಆ ನೀಲಿ ಬಣ್ಣ ತಲೆಯಲ್ಲಿ ಕೂತುಬಿಡುತ್ತದೆ. ಮುಂದೆ ಹೋಗ್ತಾ ಹೋಗ್ತಾ ಒಂದು ಗುಪ್ತ ದಾರಿ ಸಿಗುತ್ತದೆ. ಅದು ಸುತ್ತಿ ಬಳಸಿ ಅದೇ ಬಯಲಿಗೆ ಬಂದು ಸೇರುತ್ತದೆ. ಆಗ ಕಿಟಕಿಯನ್ನು ಹೊರಗಿನಿಂದ ನೋಡುತ್ತೀರಿ. ಇಡೀ ಲೆವೆಲ್‌ನ ನಕ್ಷೆ ಒಮ್ಮೆಗೇ ಮನಸ್ಸಿನಲ್ಲಿ ಮೂಡುತ್ತದೆ.

ಆ ಲೆವೆಲ್ ಮಾಡಿದ್ದು ಜಾನ್ ರೊಮೆರೊ. ನಮ್ಮ ಕಡೆ ಸ್ಕೂಲ್ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಆಡುತ್ತಿದ್ದ ಡೇವ್ ಗೇಮ್ ನೆನಪಿದೆಯಾ? ಕಪ್ ತಗೊಂಡರೆ ಬಾಗಿಲು ತೆರೆಯುತ್ತಿತ್ತಲ್ಲ, ಕಂಟ್ರೋಲ್ ಒತ್ತಿದರೆ ಗುಂಡು, ಆಲ್ಟ್ ಒತ್ತಿದರೆ ಜೆಟ್‌ಪ್ಯಾಕ್, ಅದೇ. ಡೇಂಜರಸ್ ಡೇವ್ ಅದರ ಪೂರ್ತಿ ಹೆಸರು. 1988ರಲ್ಲಿ ಆಪಲ್ 2 ಕಂಪ್ಯೂಟರ್‌ಗೆ ಅದನ್ನು ಬರೆದದ್ದೂ ಇದೇ ರೊಮೆರೊ. 1990ರಲ್ಲಿ ಅವರ ಜತೆ ಕೆಲಸ ಮಾಡುತ್ತಿದ್ದ ಟಾಮ್ ಹಾಲ್ ಮತ್ತು ಜಾನ್ ಕಾರ್ಮ್ಯಾಕ್ ಒಂದೇ ರಾತ್ರಿಯಲ್ಲಿ ಸೂಪರ್ ಮಾರಿಯೊ ಬ್ರದರ್ಸ್ 3ರ ಮೊದಲ ಲೆವೆಲ್ ಅನ್ನು ಪಿಸಿಯಲ್ಲಿ ಓಡಿಸಿ ತೋರಿಸಿದರು. ಆಗ ಮಾರಿಯೊ ಜಾಗದಲ್ಲಿ ಓಡಿದವನೂ ಡೇವ್‌ನೇ. ಅಲ್ಲಿಂದ ಮುಂದೆ ಐಡಿ ಸಾಫ್ಟ್‌ವೇರ್ ಕಂಪನಿ, ವುಲ್ಫೆನ್‌ಸ್ಟೈನ್ 3ಡಿ, ಡೂಮ್. ಹಾಗಾಗಿ ಡೂಮ್ ಮುಟ್ಟದೇ ಇದ್ದವರಿಗೂ ಆ ಮನುಷ್ಯನ ಕೈಬರಹ ಗೊತ್ತು.

ಈಗ ಡಸ್ಕ್‌ಗೆ ಬರೋಣ. ಡೇವಿಡ್ ಶಿಮಾನ್‌ಸ್ಕಿ ಮಾಡಿದ್ದು, ನ್ಯೂ ಬ್ಲಡ್ ಪ್ರಕಟಿಸಿದ್ದು. ಡೂಮ್‌ಗೆ 25 ವರ್ಷ ತುಂಬಿದ ದಿನವೇ, 2018ರ ಡಿಸೆಂಬರ್ 10ರಂದು, ಪೂರ್ತಿಯಾಗಿ ಹೊರಬಂತು. ಒಂದು ನೆಲಮಾಳಿಗೆಯಲ್ಲಿ ಕೈಗೆ ಎರಡು ಕುಡುಗೋಲು ಕೊಟ್ಟು ನಿಲ್ಲಿಸುತ್ತದೆ. ಚೈನ್‌ಸಾ ಹಿಡಿದವರು ಮೈಮೇಲೆ ಬೀಳುತ್ತಾರೆ. ಪಾಠ ಹೇಳುವ ಫಲಕಗಳಿಲ್ಲ. ಬಕೆಟ್, ಪೆಟ್ಟಿಗೆ, ಕುರ್ಚಿ ಏನನ್ನು ಬೇಕಾದರೂ ಎತ್ತಿ ಎಸೆಯಬಹುದು ಅನ್ನುವುದು ಆಡ್ತಾ ಆಡ್ತಾ ತಿಳಿಯುತ್ತದೆ. ಹಲವು ಲೆವೆಲ್‌ಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸೋಪು ಬಚ್ಚಿಟ್ಟಿದ್ದಾರೆ. ಅದನ್ನು ಎಸೆದರೆ ಎಂಥ ರಾಕ್ಷಸನೂ ಒಂದೇ ಏಟಿಗೆ ಸಾಯುತ್ತಾನೆ. ಮೂಲೆ ಮೂಲೆ ನೋಡಿದವರಿಗೆ ಆಟ ಕೊಡುವ ಮರ್ಯಾದೆ ಅದು.

ನಿಮಗೆ ಇಷ್ಟವಾದವು ಯಾವುವು, ಯಾಕೆ ಅಂತ ಬರೆಯಿರಿ. ಸುಮ್ನೆ ಪಟ್ಟಿ ಬೇಡ.

ಗುಂಡಿನ_ಗಮ್ಮತ್ತು

ಕಾವೇರಿ ಅಕ್ಕ, ಅರ್ಧ ಒಪ್ಪುತ್ತೇನೆ. ಆದರೆ ಶೂಟರ್ ಅಂದರೆ ಮೊದಲು ವೇಗ. ಜಾಗ ಆಮೇಲೆ.

2001ರಲ್ಲಿ ಹೇಲೊ ಬಂದಮೇಲೆ ಎರಡೇ ಬಂದೂಕು ಹೊತ್ತು ತಿರುಗುವುದು, ಮರೆಯಲ್ಲಿ ಕೂತರೆ ಕವಚ ತಾನೇ ತುಂಬಿಕೊಳ್ಳುವುದು ಎಲ್ಲ ಕಡೆ ಹಬ್ಬಿತು. ಏಟು ಬಿದ್ದರೆ ಕಂಬದ ಹಿಂದೆ ಕೂತ್ಕೋ, ಉಸಿರು ಬಂದ ಮೇಲೆ ಎದ್ದು ಸುಡು. ವರ್ಷಗಟ್ಟಲೆ ಎಲ್ಲ ಆಟ ಹೀಗೇ ಇದ್ದವು. ಹೊಸ ರೆಟ್ರೊ (ಹಳೇ ಶೈಲಿಯ) ಶೂಟರ್‌ಗಳು ಆ ಕಂಬವನ್ನು ಕಿತ್ತುಹಾಕಿದವು. ಅದೇ ಅವುಗಳ ದೊಡ್ಡ ಕೆಲಸ.

ಅಲ್ಟ್ರಾಕಿಲ್ ನೋಡಿ. ಫಿನ್‌ಲೆಂಡ್‌ನ ಹಕಿಟ ಮಾಡುತ್ತಿರುವುದು, 2020ರಲ್ಲಿ ಅರ್ಲಿ ಆಕ್ಸೆಸ್‌ಗೆ ಬಂತು, ಅಂದರೆ ಪೂರ್ತಿ ಆಗುವ ಮೊದಲೇ ಮಾರಾಟಕ್ಕೆ. ಅದರಲ್ಲಿ ಜೀವ ತುಂಬಬೇಕಾದರೆ ಶತ್ರುವಿನ ರಕ್ತ ಮೈಗೆ ಸಿಡಿಯಬೇಕು. ಅಂದರೆ ಹತ್ತಿರ ಹೋಗಲೇಬೇಕು. ಜೀವ ಕಮ್ಮಿ ಆದಷ್ಟೂ ಮುನ್ನುಗ್ಗಬೇಕು. ಈ ಒಂದು ನಿಯಮದಿಂದ ಹೆದರಿ ಓಡುವ ಅಭ್ಯಾಸವೇ ಬಿಟ್ಟುಹೋಗುತ್ತದೆ. ಅದರ ಮೇಲೆ ನಾಣ್ಯದ ಆಟ ಬೇರೆ. ನಾಣ್ಯ ಮೇಲಕ್ಕೆ ಚಿಮ್ಮಿಸಿ ಅದಕ್ಕೆ ಗುಂಡು ಹೊಡೆದರೆ ಗುಂಡು ತಿರುಗಿ ಶತ್ರುವಿಗೇ ತಗಲುತ್ತದೆ.

ಇನ್ನು ಡೆವಿಲ್ ಡ್ಯಾಗರ್ಸ್, 2016ರದ್ದು. ಅದರಲ್ಲಿ ಜಾಗವೇ ಇಲ್ಲ! ಕತ್ತಲಲ್ಲಿ ಒಂದು ತಟ್ಟೆಯಂಥ ನೆಲ, ಅಷ್ಟೇ. ಎಷ್ಟು ಸೆಕೆಂಡ್ ಬದುಕುತ್ತೀರಿ ಅನ್ನುವುದೇ ಲೆಕ್ಕ. 500 ಸೆಕೆಂಡ್ ಮುಟ್ಟಿದರೆ ಒಂದು ಅಚೀವ್‌ಮೆಂಟ್ (ಸಾಧನೆಯ ಪದಕ), ಇಡೀ ಆಟದಲ್ಲಿ ಇರುವುದೂ ಅದೊಂದೇ. ನಿಮ್ಮ ನಕ್ಷೆಯ ವಾದಕ್ಕೆ ಇದು ಎಲ್ಲಿ ಕೂರುತ್ತದೆ, ಹೇಳಿ.

ಕೀಲಿಮಣೆ_ಕಾವೇರಿ

@ಗುಂಡಿನ_ಗಮ್ಮತ್ತು ಒಳ್ಳೆಯ ಏಟು. ಆದರೆ ಡೆವಿಲ್ ಡ್ಯಾಗರ್ಸ್‌ನಲ್ಲಿ ಒಂದು ನಿಮಿಷ ದಾಟಬೇಕಾದರೆ ಏನು ಮಾಡುತ್ತೀರಿ? ಕಿವಿ ಕೊಡುತ್ತೀರಿ. ಬೆನ್ನ ಹಿಂದೆ ಹಾರಿ ಬರುವ ತಲೆಬುರುಡೆಗಳ ಸದ್ದು ಎಡದಿಂದ ಬಂತಾ ಬಲದಿಂದ ಬಂತಾ ಅಂತ ಗೊತ್ತಾಗುತ್ತದೆ. ಒಂದೊಂದು ಜೀವಿಗೂ ಬೇರೆ ಸದ್ದು. ಪರದೆಯ ಅಂಚಿನಲ್ಲಿ ಕೆಂಪು ಗೆರೆ ಹಾಕಿ ತೋರಿಸುವುದಿಲ್ಲ. ಕಣ್ಣನ್ನು ನಂಬುವ ಹಾಗೇ ಅದು ಕಿವಿಯನ್ನೂ ನಂಬುತ್ತದೆ. ನನ್ನ ವಾದ ಅಲ್ಲಿಗೂ ನಿಲ್ಲುತ್ತದೆ.

ವೇಗದ ಬಗ್ಗೆ ನೀವು ಹೇಳಿದ್ದು ಸರಿ. ಜಾಗ ಓದಲು ಬಂದರೇನೇ ವೇಗವಾಗಿ ಓಡಲು ಆಗುವುದು ಅಂತ ಮಾತ್ರ ಸೇರಿಸುತ್ತೇನೆ.

ಮಲೆನಾಡ_ಮೌಸ್

ಅಡ್ವೆಂಚರ್ ಗೇಮ್ ಪರವಾಗಿ ನಾನು ಮಾತಾಡುತ್ತೇನೆ. ಆದರೆ ಹಳೆಯದೆಲ್ಲ ಚಿನ್ನ ಅನ್ನುವ ಧಾಟಿ ನನಗೆ ಒಪ್ಪಿಗೆ ಇಲ್ಲ. ಹಳೇ ಅಡ್ವೆಂಚರ್‌ಗಳು ಆಡುವವರನ್ನು ನಂಬಿದ್ದಕ್ಕಿಂತ ಕಾಡಿದ್ದೇ ಜಾಸ್ತಿ.

1990ರ ಕಿಂಗ್ಸ್ ಕ್ವೆಸ್ಟ್ 5ರಲ್ಲಿ ಒಂದು ಕಡುಬು ಸಿಗುತ್ತದೆ, ಪೈ. ಹಸಿವಾಗಿದೆ ಅಂತ ತಿಂದುಬಿಟ್ಟಿರೋ, ಮುಗಿಯಿತು. ಎಷ್ಟೋ ಹೊತ್ತಿನ ನಂತರ ಹಿಮಮಾನವ ಎದುರಾಗುತ್ತಾನೆ, ಅವನ ಮುಖಕ್ಕೆ ಎಸೆಯಲು ಅದೇ ಕಡುಬು ಬೇಕು. ತಿಂದಾಗ ಆಟ ಎಚ್ಚರಿಸುವುದಿಲ್ಲ. ಆಟ ಸತ್ತಿದೆ ಅನ್ನುವುದು ತಿಳಿಯದೇ ಆಡುತ್ತಲೇ ಇರುತ್ತೀರಿ. ಇದು ನಂಬಿಕೆಯಾ? ಮೋಸ.

ಅಡ್ವೆಂಚರ್ ಗೇಮ್ ಮಾಡುವ ರಾನ್ ಗಿಲ್ಬರ್ಟ್ ಇದನ್ನೆಲ್ಲ 1989ರಲ್ಲೇ ಲೇಖನ ಬರೆದು ಬೈದಿದ್ದರು. ಆಡುವವರು ಸುಮ್ಮಸುಮ್ಮನೆ ಸಾಯಬಾರದು, ಹಿಂದೆ ಬಿಟ್ಟುಬಂದ ವಸ್ತುವಿನಿಂದ ಮುಂದೆ ಸಿಕ್ಕಿಹಾಕಿಕೊಳ್ಳಬಾರದು ಅಂತ. ಮರುವರ್ಷ ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್‌ನಲ್ಲಿ ಅದನ್ನು ಮಾಡಿಯೂ ತೋರಿಸಿದರು. ಅದೇ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಸೇರಿ 2017ರಲ್ಲಿ ತಿಂಬಲ್‌ವೀಡ್ ಪಾರ್ಕ್ ತಂದರು. ಕಥೆ ನಡೆಯುವುದು 1987ರಲ್ಲಿ. ಕೆಳಗೆ ಒಂಬತ್ತು ಕ್ರಿಯಾಪದಗಳ ಪಟ್ಟಿ: ತೆರೆ, ಮುಚ್ಚು, ಕೊಡು, ತಗೋ, ನೂಕು, ಎಳೆ, ಹೀಗೆ. ನೋಡಲು ಥೇಟ್ ಹಳೇ ಆಟ. ಒಳಗೆ ನೋಡಿದರೆ ಎಲ್ಲ ರಿಪೇರಿ ಆಗಿದೆ. ಪಾತ್ರಗಳ ಜೇಬಿನಲ್ಲಿ ಮಾಡಬೇಕಾದ ಕೆಲಸದ ಪಟ್ಟಿ ಇರುತ್ತದೆ. ಸುಲಭ, ಕಷ್ಟ ಅಂತ ಎರಡು ಹದ ಇವೆ. ಕಾವೇರಿಯವರು ಹೇಳುವ ನಂಬಿಕೆ ಹಳೇ ಕಾಲದ ಆಸ್ತಿ ಅಲ್ಲ. ಹಳೇ ಆಟಗಳ ತಪ್ಪು ತಿದ್ದಿ ಹೊಸಬರು ಗಳಿಸಿದ್ದು.

ವಾಜೆಟ್ ಐ ಕಂಪನಿ ಪ್ರಕಟಿಸಿದ ಆಟಗಳನ್ನೂ ನೋಡಿ. ಪ್ರೈಮಾರ್ಡಿಯಾ, ಅನ್‌ಅವೌಡ್, 2022ರ ದಿ ಎಕ್ಸ್‌ಕವೇಶನ್ ಆಫ್ ಹಾಬ್ಸ್ ಬ್ಯಾರೊ. ಮೂರನ್ನೂ ಅಡ್ವೆಂಚರ್ ಗೇಮ್ ಸ್ಟುಡಿಯೊ ಅನ್ನುವ ಉಚಿತ ಉಪಕರಣದಲ್ಲೇ ಮಾಡಿದ್ದಾರೆ. ಹಾಬ್ಸ್ ಬ್ಯಾರೊ ಇಂಗ್ಲೆಂಡಿನ ಒಂದು ಹಳ್ಳಿಯ ಕಥೆ. ಮಣ್ಣುದಿಬ್ಬ ಅಗೆಯಲು ಬಂದ ಹೆಂಗಸು, ಬಾಯಿಬಿಡದ ಊರಿನವರು. ನಮ್ಮ ಊರುಗಳಲ್ಲಿ ಬನ ಕಡಿಯಬೇಡಿ, ಅಲ್ಲಿ ಅಗೆಯಬೇಡಿ ಅನ್ನುವ ಮಾತು ಕೇಳಿ ಬೆಳೆದವರಿಗೆ ಅದು ತಟ್ಟುವ ರೀತಿಯೇ ಬೇರೆ.

ಹೊಸಬ_ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ದುಡ್ಡೂ ಕಮ್ಮಿ. ಎಲ್ಲಿಂದ ಶುರು ಮಾಡಲಿ? ಅಕ್ಕನ ಮಗನೂ ಪಕ್ಕದಲ್ಲಿ ಕೂತು ಆಡುತ್ತಾನೆ, ಚಿಕ್ಕವನು.

ಸೆಕ್ಟರ್_ಸಾಹೇಬ

@ಹೊಸಬ_ಹಾಸನ ಪೈಸೆ ಖರ್ಚಿಲ್ಲದೇ ತುಂಬಾ ದೂರ ಹೋಗಬಹುದು.

ಹುಡುಗನ ಜತೆ ಆಡಲು ಕೇವ್ ಸ್ಟೋರಿ. ಜಪಾನಿನ ದೈಸುಕೆ ಅಮಾಯಾ ಬಿಡುವಿನ ಹೊತ್ತಲ್ಲಿ ಐದು ವರ್ಷ ಒಬ್ಬರೇ ಕೂತು ಮಾಡಿ 2004ರಲ್ಲಿ ಉಚಿತವಾಗಿ ಹಂಚಿದರು. ಓಡು, ಹಾರು, ಸುಡು, ಜತೆಗೆ ಒಳ್ಳೆಯ ಕಥೆ. ಮೂಲ ಆವೃತ್ತಿ ಈಗಲೂ ಉಚಿತ.

ಅಡ್ವೆಂಚರ್ ಬೇಕಾದರೆ ಸ್ಕಮ್‌ವಿಎಂ ಹಾಕಿ, ಹಳೇ ಅಡ್ವೆಂಚರ್‌ಗಳನ್ನು ಓಡಿಸುವ ಉಚಿತ ಪ್ರೋಗ್ರಾಮ್ ಅದು. ಅವರ ಸೈಟ್‌ನಲ್ಲೇ ಬಿನೀತ್ ಎ ಸ್ಟೀಲ್ ಸ್ಕೈ ಉಚಿತವಾಗಿ ಸಿಗುತ್ತದೆ. ಕಳ್ಳ ಪ್ರತಿ ಅಲ್ಲ, ಮಾಡಿದವರೇ 2003ರಲ್ಲಿ ಬಿಟ್ಟುಕೊಟ್ಟದ್ದು.

ಶೂಟರ್ ಬೇಕಾದರೆ ಡೂಮ್ ಓಡಿಸುವ ಉಚಿತ ಪ್ರೋಗ್ರಾಮ್ ಜಿಝಡ್‌ಡೂಮ್, ಅದಕ್ಕೆ ಫ್ರೀಡೂಮ್. ಐಡಿ ಸಾಫ್ಟ್‌ವೇರ್‌ನವರು 1997ರ ಕೊನೆಯಲ್ಲಿ ಡೂಮ್‌ನ ಸೋರ್ಸ್ ಕೋಡ್ (ಪ್ರೋಗ್ರಾಮ್‌ನ ಮೂಲ ಬರಹ) ಹೊರಗೆ ಹಾಕಿದರು, ಆದರೆ ಚಿತ್ರ, ಲೆವೆಲ್, ಸದ್ದು ಅವರ ಆಸ್ತಿಯಾಗಿಯೇ ಉಳಿಯಿತು. ಫ್ರೀಡೂಮ್ ತಂಡ ಅವೆಲ್ಲವನ್ನೂ ಹೊಸದಾಗಿ ಮಾಡಿ ಯಾರು ಬೇಕಾದರೂ ಬಳಸಿ ಅಂತ ಕೊಟ್ಟಿದೆ. ಜಿಝಡ್‌ಡೂಮ್‌ನ ಹೊಸ ಆವೃತ್ತಿ ಓಡದಿದ್ದರೆ ಚಾಕೊಲೇಟ್ ಡೂಮ್ ಹಾಕಿ, ಅದು ಹಳೇ ಕಂಪ್ಯೂಟರ್‌ಗಳಲ್ಲೂ ಓಡುತ್ತದೆ.

ಡಸ್ಕ್, ಅಲ್ಟ್ರಾಕಿಲ್ ಚಿಕ್ಕ ಮಕ್ಕಳ ಮುಂದೆ ಬೇಡ, ರಕ್ತ ಜಾಸ್ತಿ. ನೀವು ಒಬ್ಬರೇ ಆಡುವಾಗ ಡಸ್ಕ್ ಪ್ರಯತ್ನಿಸಿ, ಸೆಟ್ಟಿಂಗ್ಸ್ ತಗ್ಗಿಸಿದರೆ ಓಡುವ ಸಾಧ್ಯತೆ ಇದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಯಂತ್ರದಲ್ಲಿ ಓಡದಿದ್ದರೆ ಆ ದಾರಿ ಇದೆ.

ಬಂದಿದ್ದೇನೆ ಅಂದಮೇಲೆ ಒಳಗಿನ ಯಂತ್ರದ ಬಗ್ಗೆಯೂ ಒಂದಿಷ್ಟು ಹೇಳುತ್ತೇನೆ, ನನಗೆ ಪ್ರೀತಿಯ ವಿಷಯ. ಮೂಲ ಡೂಮ್‌ನಲ್ಲಿ ಇಡೀ ಲೆವೆಲ್ ಒಂದು ಸಪಾಟು ನಕ್ಷೆ. ಅದನ್ನು ಸೆಕ್ಟರ್ ಅನ್ನುವ ತುಂಡುಗಳಾಗಿ ಕತ್ತರಿಸಿರುತ್ತಾರೆ. ಒಂದೊಂದು ಸೆಕ್ಟರ್‌ಗೂ ಒಂದು ನೆಲದ ಎತ್ತರ, ಒಂದು ಛಾವಣಿಯ ಎತ್ತರ, ಒಂದು ಬೆಳಕು. ಹಾಗಾಗಿ ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟಲು ಆಗುವುದೇ ಇಲ್ಲ. ಡ್ಯೂಕ್ ನ್ಯೂಕೆಮ್ 3ಡಿಯ ಬಿಲ್ಡ್ ಎಂಜಿನ್ (ಆಟ ಓಡಿಸುವ ಒಳಯಂತ್ರ) ಕೆನ್ ಸಿಲ್ವರ್‌ಮನ್ ಬರೆದದ್ದು. ಅದರಲ್ಲಿ ನೀರಿಗೆ ಮುಳುಗಿದಾಗ ನಿಜವಾಗಿ ನಡೆಯುವುದು ಏನು ಗೊತ್ತಾ? ಆಟ ನಿಮ್ಮನ್ನು ಎತ್ತಿ ನಕ್ಷೆಯ ಬೇರೊಂದು ಮೂಲೆಯಲ್ಲಿರುವ ಇನ್ನೊಂದು ಕೋಣೆಗೆ ಹಾಕುತ್ತದೆ. ನೀರೊಳಗೆ ಇದ್ದೇವೆ ಅಂತ ನಾವು ಅಂದುಕೊಳ್ಳುತ್ತೇವೆ.

ಅದೇ ಬಿಲ್ಡ್ ಎಂಜಿನ್‌ನ ಇಡ್ಯೂಕ್32 ರೂಪದಲ್ಲಿ 2019ರಲ್ಲಿ ಅಯಾನ್ ಫ್ಯೂರಿ ಬಂತು. ಅನುಕರಣೆ ಅಲ್ಲ, ಯಂತ್ರವೇ ಹಳೆಯದು. ಹ್ರೊಟ್ ಇನ್ನೂ ವಿಶೇಷ. ಸ್ಪಿತಿಹ್ನೆವ್ ಅನ್ನುವ ಹೆಸರಿನ ಚೆಕ್ ಡೆವಲಪರ್ ಒಬ್ಬರೇ ಪ್ಯಾಸ್ಕಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಂಜಿನ್ ಬರೆದು, ತಮ್ಮ ದೇಶದ 1986ರ ಕಾಲವನ್ನು ಕಂದುಬಣ್ಣದಲ್ಲಿ ಕಟ್ಟಿದ್ದಾರೆ. ಆಟ ಶುರುವಾಗುವುದೇ ಪ್ರಾಗ್‌ನ ಒಂದು ಮೆಟ್ರೊ ನಿಲ್ದಾಣದ ಸುತ್ತ. ಆ ನಿಲ್ದಾಣದಲ್ಲಿ ನಿಂತಿದ್ದವರಿಗೆ ಗೊತ್ತಿರುವಂಥ ಸಣ್ಣ ಸಣ್ಣ ವಿವರಗಳಿವೆ. ಡಿಪ್ಲೊಮಾದಲ್ಲಿ ಪ್ಯಾಸ್ಕಲ್ ಓದಿದ ನನ್ನಂಥವರಿಗೆ ಹ್ರೊಟ್ ಅಂದರೆ ಹೊಟ್ಟೆ ತಣ್ಣಗಾಗುತ್ತದೆ.

ಒಂದು_ಬಿಟ್

ಒಬ್ರಾ ಡಿನ್ ಹೆಸರು ಬಂದು ಹೋಯಿತು, ಯಾರೂ ನಿಲ್ಲಲಿಲ್ಲ. ನಾನು ನಿಲ್ಲುತ್ತೇನೆ.

ಲೂಕಾಸ್ ಪೋಪ್ ಅವರ ಆಟ, 2018ರ ಅಕ್ಟೋಬರ್. ಈಸ್ಟ್ ಇಂಡಿಯಾ ಕಂಪನಿಯ ಕಾಲ. ಕಾಣೆಯಾಗಿದ್ದ ಹಡಗು 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತೇಲಿ ಬರುತ್ತದೆ, ಒಳಗೆ ಜೀವಂತ ಯಾರೂ ಇಲ್ಲ. ನೀವು ಕಂಪನಿಯ ವಿಮೆ ತನಿಖಾಧಿಕಾರಿ. 60 ಜನ. ಒಬ್ಬೊಬ್ಬರಿಗೂ ಏನಾಯಿತು, ಯಾರಿಂದ ಆಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಕಂಪನಿಯ ಹಡಗುಗಳಲ್ಲಿ ನಮ್ಮವರು ದುಡಿದು ಸತ್ತದ್ದು ನಿಜವಾದ ಚರಿತ್ರೆ, ಅದು ಆಟದ ಮೂಲೆಯಲ್ಲಾದರೂ ಕಾಣಿಸಿತಲ್ಲ ಅಂತ ನನಗೆ ಮನಸ್ಸು ತುಂಬಿತು.

ನಿಮ್ಮ ಹತ್ತಿರ ಒಂದು ಮಾಯಾ ಗಡಿಯಾರ ಇರುತ್ತದೆ, ಶವದ ಹತ್ತಿರ ಅದನ್ನು ತೆರೆದರೆ ಮೊದಲು ಕತ್ತಲಲ್ಲಿ ಮಾತು ಕೇಳುತ್ತದೆ. ಆಮೇಲೆ ಸಾವಿನ ಕ್ಷಣ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಅದರೊಳಗೆ ನಡೆದಾಡಬಹುದು, ಮುಟ್ಟಲು ಆಗುವುದಿಲ್ಲ. ಹೆಸರು ಹೇಳುವುದು ಅಪರೂಪ. ಮಾತಿನ ಧಾಟಿ ಯಾವ ದೇಶದ್ದು, ಯಾರು ಯಾರ ಪಕ್ಕ ನಿಲ್ಲುತ್ತಾರೆ, ಯಾರ ಬಟ್ಟೆ ಹೇಗಿದೆ ಅಂತ ನೋಡಬೇಕು. ಒಂದು ದೃಶ್ಯದಲ್ಲಿ ಜನ ತೂಗುಹಾಸಿಗೆಗಳಲ್ಲಿ ಮಲಗಿದ್ದಾರೆ. ಹಾಸಿಗೆಗಳಿಗೆ ಸಂಖ್ಯೆ ಕಟ್ಟಿದೆ. ಆ ಸಂಖ್ಯೆ ಸಿಬ್ಬಂದಿ ಪಟ್ಟಿಯ ಸಂಖ್ಯೆಯೇ ಅಂತ ನನಗೆ ಹೊಳೆದಾಗ ಮೈ ಜುಂ ಅಂದಿತು. ಅದು ಮೊದಲಿನಿಂದ ಕಣ್ಣೆದುರೇ ಇತ್ತು.

ಊಹೆ ಮಾಡಿ ಗೆಲ್ಲಲು ಆಗದ ಹಾಗೂ ನೋಡಿಕೊಂಡಿದ್ದಾರೆ. ಮೂವರ ವಿವರ ಸರಿಯಾಗುವ ತನಕ ಸರಿ ಅಂತ ಹೇಳುವುದೇ ಇಲ್ಲ.

ಚಿತ್ರ ಬರೀ ಎರಡು ಬಣ್ಣದ ಚುಕ್ಕಿಗಳು. ಹಳೇ ಮ್ಯಾಕಿಂಟಾಷ್ ಪರದೆಯ ಹಾಗೆ. ಬೇಕಾದರೆ ಕಮೊಡೋರ್ 1084, ಐಬಿಎಂ 5151 ಮಾನಿಟರ್‌ಗಳ ಬಣ್ಣಕ್ಕೂ ಬದಲಿಸಬಹುದು. ಆದರೆ ಹಳೇ ಮ್ಯಾಕ್‌ನಲ್ಲಿ ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು. ಇಲ್ಲಿ ತಲೆ ತಿರುಗಿಸಿದಾಗ ಚುಕ್ಕಿಗಳೆಲ್ಲ ಹುಳುಗಳ ಹಾಗೆ ಹರಿದಾಡಿ ಕಣ್ಣು ನೋಯುತ್ತಿತ್ತು. ಪೋಪ್ ಚುಕ್ಕಿಗಳ ವಿನ್ಯಾಸವನ್ನು ಆಡುವವರ ಸುತ್ತ ಒಂದು ಗೋಳಕ್ಕೆ ಅಂಟಿಸಿದ ಹಾಗೆ ಮಾಡಿದರು. ಆಗ ನೋಟದ ಜತೆ ಚುಕ್ಕಿಯೂ ತಿರುಗುತ್ತದೆ, ಕಣ್ಣಿಗೆ ಹಿತ. ಮೇಲೆ ಹಳೇ ಬಣ್ಣ ಬಳಿದರೆ ರೆಟ್ರೊ ಆಯಿತು ಅನ್ನುವವರು ಇದನ್ನು ನೋಡಬೇಕು.

ತುಂಗೆ_ದಂಡೆ

ಟ್ಯೂನಿಕ್ ಬಗ್ಗೆ ನಾನು ಹೇಳಲೇಬೇಕು. 2022ರ ಮಾರ್ಚ್‌ನಲ್ಲಿ ಬಂತು, ಆಂಡ್ರೂ ಶೋಲ್‌ಡಿಸ್ ಅವರದ್ದು. ಪುಟ್ಟ ನರಿ, ಕತ್ತಿ, ದ್ವೀಪ. ಆಟದೊಳಗೆ ಅದರದೇ ಕೈಪಿಡಿಯ ಹಾಳೆಗಳು ಚದುರಿ ಬಿದ್ದಿರುತ್ತವೆ. ಒಂದೊಂದಾಗಿ ಆರಿಸಿಕೊಳ್ಳಬೇಕು. ಬಹುಪಾಲು ಮಾತು ಯಾವುದೋ ಗೊತ್ತಿಲ್ಲದ ಲಿಪಿಯಲ್ಲಿದೆ. ಚಿತ್ರ ನೋಡಿ, ಮಧ್ಯೆ ಬರುವ ಒಂದೆರಡು ಇಂಗ್ಲಿಷ್ ಪದ ನೋಡಿ, ಯಾರೋ ಪೆನ್ನಿನಲ್ಲಿ ಗೀಚಿದ ಗುರುತು ನೋಡಿ ಅರ್ಥ ಕಟ್ಟಿಕೊಳ್ಳಬೇಕು. ಕೆಲವು ಶಕ್ತಿಗಳು ಮೊದಲ ನಿಮಿಷದಿಂದಲೇ ನಿಮ್ಮ ಕೈಯಲ್ಲಿರುತ್ತವೆ. ಯಾವ ಬಟನ್ ಅಂತ ಮಾತ್ರ ಹಾಳೆ ಸಿಗುವ ತನಕ ಗೊತ್ತಿರುವುದಿಲ್ಲ.

ಇದು ನಮಗೆ ಹೊಸದಲ್ಲ ಅಂತ ನನಗೆ ಅನಿಸುತ್ತದೆ. ಟಿವಿಗೆ ಹಾಕುವ ಹಳದಿ ಕ್ಯಾಸೆಟ್‌ನ ವಿಡಿಯೊ ಗೇಮ್‌ಗಳನ್ನು ನಾವು ಆಡಿದ್ದು ಹೀಗೇ. ಕೈಪಿಡಿ ಇಲ್ಲ. ಕೆಲವು ಆಟಗಳ ಅಕ್ಷರವೇ ಜಪಾನಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಇದ್ದರೂ ಅಷ್ಟಕ್ಕಷ್ಟೇ. ಪಕ್ಕದ ಮನೆ ಅಣ್ಣ ಹೇಳಿದ್ದೇ ಕೈಪಿಡಿ. ಟ್ಯಾಂಕ್ ಆಟದಲ್ಲಿ ಹದ್ದನ್ನು ಕಾಯಬೇಕು ಅಂತ ಯಾರೂ ಓದಿ ತಿಳಿದಿಲ್ಲ, ಹದ್ದು ಒಡೆದಾಗ ತಿಳಿಯಿತು. ಟ್ಯೂನಿಕ್ ಆಡುವಾಗ ಆ ಹಳೇ ಚಾಳಿ ನನಗೆ ದೊಡ್ಡ ಬಲವಾಯಿತು.

ಅನಿಮಲ್ ವೆಲ್ ಕೂಡ ಇದೇ ಬಳಗ. ಬಿಲ್ಲಿ ಬಾಸೊ ಒಬ್ಬರೇ ಏಳು ವರ್ಷ ಕೂತು, ಎಂಜಿನ್ ಕೂಡ ತಾವೇ ಬರೆದು 2024ರ ಮೇ ತಿಂಗಳಲ್ಲಿ ತಂದರು. ಇಡೀ ಆಟ 40 ಎಂಬಿಗಿಂತ ಕಮ್ಮಿ. ಅದರಲ್ಲಿ 64 ಮೊಟ್ಟೆ ಬಚ್ಚಿಟ್ಟಿದ್ದಾರೆ. ಮುಗಿಯಿತು ಅಂದುಕೊಂಡ ಮೇಲೆ ಅದರ ಕೆಳಗೆ ಇನ್ನೊಂದು ಆಟ ಇದೆ ಅಂತ ಗೊತ್ತಾಗುತ್ತದೆ. ಹೆಚ್ಚು ಹೇಳುವುದಿಲ್ಲ, ಹೇಳಿದರೆ ಪಾಪ.

ರಾತ್ರಿ_ಪಾಳಿ

ಎಲ್ಲರೂ ಇಷ್ಟು ಹೊಗಳುತ್ತಿರುವಾಗ ಕಹಿ ಮಾತು ಆಡುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಪಾಳಿ ಕೆಲಸ, ಮನೆಯಲ್ಲಿ ಸಣ್ಣ ಮಕ್ಕಳು. ಆಡಲು ಸಿಗುವುದು ಅಲ್ಲೊಂದು ಇಲ್ಲೊಂದು ಗಂಟೆ. ಅದರಲ್ಲಿ ಅರ್ಧ ಹೊತ್ತು ಗೋಡೆ ತಡಕುತ್ತಾ ಹೋದರೆ ಯಾರಿಗೆ ಖುಷಿ?

1995ರ ಹೆಕ್ಸೆನ್ ಆಡಿದವರಿಗೆ ಗೊತ್ತು. ಒಂದು ಸ್ವಿಚ್ ಒತ್ತುತ್ತೀರಿ. ಒಗಟಿನ ಮೂರನೇ ಒಂದು ಪಾಲು ಬಗೆಹರಿಯಿತು ಅಂತ ಬರುತ್ತದೆ. ಎಲ್ಲಿ ಏನು ತೆರೆಯಿತು? ಬೇರೆ ಲೆವೆಲ್‌ನಲ್ಲಿ ಇರಬಹುದು. ಹುಡುಕಿ. ಹೊಸ ರೆಟ್ರೊ ಆಟಗಳಲ್ಲೂ ಕೆಲವು ಇದನ್ನೇ ಗುಣ ಅಂತ ತಿಳಿದಿವೆ. ದಾರಿ ತಪ್ಪಿಸುವುದು ಸುಲಭದ ಕೆಲಸ. ಅದಕ್ಕೆ ನಂಬಿಕೆ ಅಂತ ಹೆಸರಿಡಬೇಡಿ. ಬಾಣ ಬೇಡದವರು ಆಫ್ ಮಾಡಿಕೊಳ್ಳಲಿ. ಇರುವುದರಿಂದ ಏನು ನಷ್ಟ?

ಕೀಲಿಮಣೆ_ಕಾವೇರಿ

@ರಾತ್ರಿ_ಪಾಳಿ ನಿಮ್ಮ ಮಾತಿನಲ್ಲಿ ಬೇಸರ ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಹೆಕ್ಸೆನ್ ವಿಷಯದಲ್ಲಿ ನಾನು ನಿಮ್ಮ ಪಕ್ಷ.

ವ್ಯತ್ಯಾಸ ಎಲ್ಲಿದೆ ಅಂದರೆ, ಒಳ್ಳೆಯ ಲೆವೆಲ್‌ನಲ್ಲಿ ಕೀಲಿಗಿಂತ ಮೊದಲು ಬೀಗ ಕಾಣುತ್ತದೆ. ಡಸ್ಕ್‌ನಲ್ಲಿ ಕೆಂಪು ಬಾಗಿಲನ್ನು ಮೊದಲು ದಾಟಿ ಬಂದಿರುತ್ತೀರಿ. ಆಮೇಲೆ ಕೆಂಪು ಕೀಲಿ ಕೈಗೆ ಬಂದ ತಕ್ಷಣ ಕಾಲು ತಾನೇ ಆ ಕಡೆ ಓಡುತ್ತದೆ. ಹೆಕ್ಸೆನ್‌ನಲ್ಲಿ ಸ್ವಿಚ್ ಮೊದಲು, ಅದು ಯಾವುದಕ್ಕೆ ಅನ್ನುವುದು ಆಮೇಲೆ. ಎರಡಕ್ಕೂ ಬಾಣ ಇಲ್ಲ. ಒಂದರಲ್ಲಿ ಲೆವೆಲ್ ಮಾಡಿದವರು ನಮ್ಮ ಪರವಾಗಿ ಕೆಲಸ ಮಾಡಿದ್ದಾರೆ, ಇನ್ನೊಂದರಲ್ಲಿ ಮಾಡಿಲ್ಲ.

ಬಾಣ ಇಟ್ಟು ಆಫ್ ಮಾಡುವ ಸೌಲಭ್ಯ ಕೊಟ್ಟರೆ ನಷ್ಟ ಇದೆ ಅಂತಲೇ ನನ್ನ ನಂಬಿಕೆ. ಬಾಣ ಇದೆ ಅಂದಮೇಲೆ ಲೆವೆಲ್ ಮಾಡುವವರು ಕಿಟಕಿ ಎಲ್ಲಿಡಬೇಕು, ಬೆಳಕು ಎಲ್ಲಿ ಚೆಲ್ಲಬೇಕು ಅಂತ ಯೋಚಿಸುವುದನ್ನೇ ಬಿಡುತ್ತಾರೆ. ಆಮೇಲೆ ಬಾಣ ಆಫ್ ಮಾಡಿದರೆ ಉಳಿಯುವುದು ಏನೂ ಹೇಳದ ಖಾಲಿ ಜಾಗ. ನಕ್ಷೆ ಮಾತ್ರ ಇರಲಿ, ಧಾರಾಳವಾಗಿ. ಡೂಮ್‌ನಲ್ಲೇ ಟ್ಯಾಬ್ ಒತ್ತಿದರೆ ನಕ್ಷೆ ಬರುತ್ತಿತ್ತು. 2022ರ ಪ್ರೊಡಿಯಸ್‌ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ಎಲ್ಲ ಕಡೆಯಿಂದ ನೋಡಬಹುದು. ನಿಮ್ಮ ಒಂದು ಗಂಟೆಗೆ ಡಸ್ಕ್ ಚೆನ್ನಾಗಿ ಒಗ್ಗುತ್ತದೆ, ಲೆವೆಲ್‌ಗಳು ಚಿಕ್ಕವು. ಎಲ್ಲಿ ಬೇಕಾದರೂ ಸೇವ್ ಮಾಡಿ ಮಗು ಎದ್ದರೆ ಏಳಬಹುದು.

ರಾತ್ರಿ_ಪಾಳಿ

ಬೀಗ ಮೊದಲು, ಕೀಲಿ ಆಮೇಲೆ. ಇದು ಒಪ್ಪುವ ಮಾತು. ಬಾಣ ಆಫ್ ಮಾಡುವ ವಿಷಯದಲ್ಲಿ ಮಾತ್ರ ನಾನು ಇನ್ನೂ ನನ್ನ ಜಾಗದಲ್ಲೇ ಇದ್ದೇನೆ. ದೃಷ್ಟಿ ಸಮಸ್ಯೆ ಇರುವವರ ಬಗ್ಗೆಯೂ ಯೋಚಿಸಿ. ಡಸ್ಕ್ ಹಾಕಿ ನೋಡುತ್ತೇನೆ. ಇಂಥ ಆಟ ಆಡಿದರೆ ತಲೆ ಸುತ್ತುತ್ತದೆ, ಅದಕ್ಕೇನಾದರೂ ಇದೆಯಾ?

ಗುಂಡಿನ_ಗಮ್ಮತ್ತು

@ರಾತ್ರಿ_ಪಾಳಿ ಸೆಟ್ಟಿಂಗ್ಸ್‌ನಲ್ಲಿ ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ನೋಟದ ಅಗಲ) 90ರಿಂದ 100ರ ಮಧ್ಯೆ ಇಡಿ. ನಡೆಯುವಾಗ ತಲೆ ಮೇಲೆ ಕೆಳಗೆ ಆಡುವುದನ್ನು ಆಫ್ ಮಾಡಿ. ಪರದೆ ನಡುಗುವುದನ್ನೂ ಆಫ್ ಮಾಡಿ. ಕೋಣೆಯಲ್ಲಿ ದೀಪ ಹಾಕಿಕೊಂಡು ಸ್ವಲ್ಪ ದೂರ ಕೂತು ಆಡಿ. ಸುತ್ತು ಶುರುವಾದರೆ ಹಟ ಮಾಡಬೇಡಿ, ನಿಲ್ಲಿಸಿಬಿಡಿ.

ದೃಷ್ಟಿ ಸಮಸ್ಯೆಯ ಮಾತು ತೂಕದ್ದು. ಅದಕ್ಕೆ ನಮ್ಮ ಹತ್ತಿರ ಒಳ್ಳೆಯ ಉತ್ತರ ಇಲ್ಲ, ಅಕ್ಕ.

ಮಲೆನಾಡ_ಮೌಸ್

ಸೆಕ್ಟರ್ ಸಾಹೇಬರೇ, ನಿಮಗೊಂದು ಪ್ರಶ್ನೆ. ಕಾವೇರಿಯವರು ಹೇಳಿದ ಕಿಟಕಿ ಓದಿದಾಗಿನಿಂದ ತಲೆಯಲ್ಲಿ ಒಂದೇ ಯೋಚನೆ. ನಮ್ಮ ಅಜ್ಜಿಯ ಮನೆ ತೊಟ್ಟಿಮನೆ. ನಡುವೆ ತೆರೆದ ತೊಟ್ಟಿ, ಸುತ್ತ ಜಗಲಿ, ಜಗಲಿಗೆ ತೆರೆಯುವ ಕೋಣೆಗಳು, ಹಿಂದೆ ಕೊಟ್ಟಿಗೆ, ಮೇಲೆ ಅಟ್ಟ. ಯಾವ ಮೂಲೆಯಲ್ಲಿ ನಿಂತರೂ ಎದುರಿನ ಬಾಗಿಲು ಕಾಣುತ್ತದೆ, ಆದರೆ ಅಲ್ಲಿಗೆ ಹೋಗಲು ಸುತ್ತಬೇಕು. ಅದನ್ನು ಡೂಮ್ ಲೆವೆಲ್ ಮಾಡಬೇಕು ಅಂತ ಆಸೆ. ಪ್ರೋಗ್ರಾಮಿಂಗ್ ಬರುವುದಿಲ್ಲ. ಆಗುತ್ತದಾ?

ಸೆಕ್ಟರ್_ಸಾಹೇಬ

@ಮಲೆನಾಡ_ಮೌಸ್ ಆಗುತ್ತದೆ! ಅಟ್ಟ, ಇಳಿಜಾರು ಮಾಡು ಬಿಟ್ಟು ಉಳಿದದ್ದೆಲ್ಲ ಮೂಲ ಡೂಮ್‌ನಲ್ಲೇ ಆಗುತ್ತದೆ. ಅಲ್ಟಿಮೇಟ್ ಡೂಮ್ ಬಿಲ್ಡರ್ ಅನ್ನುವ ಉಚಿತ ಎಡಿಟರ್ ಹಾಕಿಕೊಳ್ಳಿ. ಪ್ರೋಗ್ರಾಮಿಂಗ್ ಬೇಡ, ಗೆರೆ ಎಳೆಯಲು ಬಂದರೆ ಸಾಕು.

ತೊಟ್ಟಿ ಒಂದು ಸೆಕ್ಟರ್. ಅದರ ಛಾವಣಿಗೆ ಎಫ್_ಸ್ಕೈ1 ಅನ್ನುವ ಚಿತ್ರ ಕೊಡಿ, ಆಕಾಶ ಕಾಣುತ್ತದೆ. ಸುತ್ತ ಜಗಲಿಯ ಸೆಕ್ಟರ್‌ಗಳು. ಅವುಗಳ ಛಾವಣಿ ತೊಟ್ಟಿಯದಕ್ಕಿಂತ ತಗ್ಗಾಗಿ ಇರುತ್ತದಲ್ಲ, ಆ ಅಂಚಿನ ಗೆರೆಗಳಿಗೆ ಅಪ್ಪರ್ ಟೆಕ್ಸ್ಚರ್ (ಗೋಡೆಯ ಮೇಲ್ಭಾಗದ ಚಿತ್ರ) ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಅಲ್ಲಿ ಚಿತ್ರ ಕದಡಿಹೋಗುತ್ತದೆ. ಇಳಿಜಾರು ಹೆಂಚಿನ ಮಾಡು ಮೂಲ ಡೂಮ್‌ನಲ್ಲಿ ಆಗುವುದಿಲ್ಲ, ಜಿಝಡ್‌ಡೂಮ್‌ನಲ್ಲಿ ಆಗುತ್ತದೆ. ಅಟ್ಟವೂ ಅಲ್ಲೇ ಸಾಧ್ಯ. ನಕ್ಷೆಯ ಹೊರಗೆ ಒಂದು ಚಿಕ್ಕ ಸೆಕ್ಟರ್ ಮಾಡಿ, ಅದರ ಒಂದು ಗೆರೆಗೆ 160ನೇ ಆಕ್ಷನ್ ಕೊಟ್ಟು, ಕೋಣೆಯ ಸೆಕ್ಟರ್‌ನ ಟ್ಯಾಗ್ (ಗುರುತಿನ ಸಂಖ್ಯೆ) ಹಾಕಿ. ಆ ಚಿಕ್ಕ ಸೆಕ್ಟರ್‌ನ ಎತ್ತರಗಳೇ ಅಟ್ಟದ ಹಲಗೆ ಆಗುತ್ತವೆ. ಶುರುವಿನಲ್ಲಿ ಮ್ಯಾಪ್‌ನ ಬಗೆ ಯುಡಿಎಂಎಫ್ ಅಂತ ಆರಿಸಿಕೊಂಡಿರಬೇಕು.

ಅಳತೆ ನೆನಪಿಡಿ. ಆಟಗಾರನ ಎತ್ತರ 56 ಯೂನಿಟ್, ಅಗಲ 32. ಮೆಟ್ಟಿಲು 24 ಯೂನಿಟ್‌ಗಿಂತ ಎತ್ತರ ಇದ್ದರೆ ಹತ್ತಲು ಆಗುವುದಿಲ್ಲ. ಹಳೇ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗುತ್ತೇವೆ, ಮೂಲ ಡೂಮ್‌ನಲ್ಲಿ ಬಗ್ಗಲು ಬರುವುದಿಲ್ಲ. ಹಾಗಾಗಿ ಬಾಗಿಲನ್ನು 72 ಯೂನಿಟ್ ಆದರೂ ಇಡಿ.

ಕೀಲಿಮಣೆ_ಕಾವೇರಿ

@ಮಲೆನಾಡ_ಮೌಸ್ ದಯವಿಟ್ಟು ಮಾಡಿ! ಬೆಳಕಿನ ಬಗ್ಗೆ ನನ್ನದೊಂದು ಸಲಹೆ. ತೊಟ್ಟಿಗೆ 208ರ ಹತ್ತಿರ ಕೊಡಿ, ಜಗಲಿಗೆ 160, ಒಳಕೋಣೆಗಳಿಗೆ 112. ಕೊಟ್ಟಿಗೆಯ ಕತ್ತಲಲ್ಲಿ ಒಂದೇ ಒಂದು ಚೌಕಕ್ಕೆ ಬೆಳಕು ಕೊಟ್ಟು ಅಲ್ಲಿ ಕವಚ ಇಡಿ. ತೊಟ್ಟಿಯಿಂದ ಅದು ಕಾಣಬೇಕು. ದಾರಿ ಮಾತ್ರ ಅಟ್ಟದ ಮೇಲಿಂದ ಇರಲಿ.

ಮಲೆನಾಡ_ಮೌಸ್

ಅಟ್ಟದಿಂದ ಕೊಟ್ಟಿಗೆಗೆ ಇಳಿಯಲು ನಿಜವಾಗಿಯೂ ಒಂದು ಕಿಂಡಿ ಇತ್ತು. ಮೇಲಿನಿಂದ ಹುಲ್ಲು ತಳ್ಳುತ್ತಿದ್ದದ್ದು. ಅದನ್ನೇ ಇಡುತ್ತೇನೆ. ಎಡಿಟರ್ ಇಳಿಸಿಕೊಳ್ಳುತ್ತಿದ್ದೇನೆ.

ಸೆಕ್ಟರ್_ಸಾಹೇಬ

ಕಿಂಡಿ ಕನಿಷ್ಠ 40 ಯೂನಿಟ್ ಅಗಲ ಇರಲಿ, 32 ಇಟ್ಟರೆ ಸಿಕ್ಕಿಕೊಳ್ಳುತ್ತಾರೆ. ಓಡುವ ಹಾಗಾದ ಮೇಲೆ ವ್ಯಾಡ್ ಫೈಲ್ (ಲೆವೆಲ್ ಇರುವ ಫೈಲ್) ಇಲ್ಲೇ ಹಾಕಿ, ಜಗಲಿಯ ಅಳತೆ ನೋಡಿ ಹೇಳುತ್ತೇನೆ.